ಮುಂದೆ ರಸ್ತೆ ಇಲ್ಲ

ಬೆಂಗಳೂರಿನ ಮಲ್ಲೇಶ್ವರಕ್ಕೆ ಮೊದಲ ಸಲ ಬರುವ ನೆಂಟರಿಗೆ ವಿಳಾಸ ಹೇಳುವುದು ಬಲು ಸುಲಭ. ‘ಹನ್ನೊಂದನೇ ಕ್ರಾಸ್, ಎಂಟನೇ ಮೈನ್’ ಎಂದರೆ ಮುಗಿಯಿತು. ಹತ್ತನೇ ಕ್ರಾಸ್ ದಾಟಿದ ಮೇಲೆ ಹನ್ನೊಂದು ಬರಲೇಬೇಕು. ಒಂದು ತಿರುವು ತಪ್ಪಿಹೋಯಿತೆಂದು ಗಾಬರಿಪಡಬೇಕಾದ್ದಿಲ್ಲ, ಮುಂದಿನ ಕ್ರಾಸಿನಲ್ಲಿ ತಿರುಗಿಕೊಂಡರೂ ಆದೀತು. ಅದೇ ನೆಂಟರು ಸರ್ಜಾಪುರ ರಸ್ತೆಯ ಕಡೆಯೋ ವರ್ತೂರಿನ ಆಚೆಯೋ ಇರುವ ಇನ್ನೊಬ್ಬರ ಮನೆಗೆ ಹೊರಟರೆ ಫೋನಿನಲ್ಲಿ ನಡೆಯುವ ಮಾತೇ ಬೇರೆ. ‘ಪೆಟ್ರೋಲ್ ಬಂಕ್ ದಾಟಿ ಎಡಕ್ಕೆ ಬನ್ನಿ, ಒಂದು ಕಮಾನು ಸಿಗುತ್ತದೆ. ಅದಲ್ಲ, ಅದರ ಮುಂದಿನದು. ಗೇಟಿನಲ್ಲಿ ಸೆಕ್ಯುರಿಟಿಯವರು ತಡೆದರೆ ನನ್ನ ಹೆಸರು ಹೇಳಿ.’ ಆ ಕಮಾನು ತಪ್ಪಿತೋ, ಬೇರೆ ದಾರಿಯಿಲ್ಲ. ಹೆದ್ದಾರಿಯವರೆಗೆ ಹೋಗಿ ವಾಪಸು ಬರಬೇಕು.

ಇದು ಬರೀ ವಿಳಾಸದ ತಾಪತ್ರಯವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮನೆಯ ಮಹಡಿಯ ಮೇಲೆ ನಿಂತರೆ ಮಗಳು ಓದುವ ಶಾಲೆಯ ಧ್ವಜಸ್ತಂಭ ಕಾಣುತ್ತದೆ ಎಂದಿಟ್ಟುಕೊಳ್ಳಿ. ಕಣ್ಣಳತೆಯಲ್ಲಿ 400 ಮೀಟರ್, ಐದು ನಿಮಿಷದ ನಡಿಗೆ. ಆದರೆ ನಡುವೆ ಎರಡು ಬಡಾವಣೆಗಳ ಕಾಂಪೌಂಡ್ ಗೋಡೆಗಳಿವೆ. ಹಾಗಾಗಿ ಗೇಟಿನಿಂದ ಹೊರಬಿದ್ದು, ಮುಖ್ಯರಸ್ತೆ ಹಿಡಿದು, ಸಿಗ್ನಲ್ಲಿನಲ್ಲಿ ಕಾದು, ಇನ್ನೊಂದು ಗೇಟಿನಿಂದ ಒಳಹೊಕ್ಕರೆ ಅದು 3 ಕಿಲೋಮೀಟರ್. ಶಾಲಾ ಬಸ್ಸಿಗೆ ಹಣ ಕಟ್ಟಬೇಕು, ಮಗುವನ್ನು ಮುಕ್ಕಾಲು ಗಂಟೆ ಮುಂಚೆ ಎಬ್ಬಿಸಬೇಕು. ಶಾಲೆಯಾಗಲಿ ಮನೆಯಾಗಲಿ ಇದ್ದಲ್ಲಿಯೇ ಇವೆ. ಕೆಟ್ಟಿರುವುದು ಅವೆರಡರ ನಡುವಿನ ದಾರಿ.

ನಗರಗಳು ಬೆಳೆದಂತೆ ರಸ್ತೆ ಅಗಲವಾಗಬೇಕು, ಮೇಲ್ಸೇತುವೆ ಬೇಕು, ಸುರಂಗ ಬೇಕು ಎಂದು ನಾವು ಮಾತಾಡುತ್ತಲೇ ಇರುತ್ತೇವೆ. ಬೀದಿಗೂ ಬೀದಿಗೂ ಸಂಬಂಧ ಉಳಿದಿದೆಯೇ ಎಂದು ಕೇಳುವವರು ಕಡಿಮೆ.

ನಾಲ್ಕು ನೇಗಿಲಿನ ಗೆರೆ

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಇಂದಿನ ಅವೆನ್ಯೂ ರಸ್ತೆ ಮತ್ತು ಚಿಕ್ಕಪೇಟೆ ಕೂಡುವಲ್ಲಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಬಿಟ್ಟರಂತೆ. ನೇಗಿಲು ಎಳೆದ ಗೆರೆಗಳೇ ಪೇಟೆಯ ಬೀದಿಗಳಾದವು ಎನ್ನುವುದು ಐತಿಹ್ಯ. ಕಥೆ ಎಷ್ಟು ನಿಜವೋ, ಆದರೆ ಅದರಲ್ಲಿ ಗಮನಿಸಬೇಕಾದ ವಿಚಾರವೊಂದಿದೆ. ಊರು ಕಟ್ಟುವಾಗ ಮೊದಲು ಎಳೆದದ್ದು ಮನೆಯ ಪಾಯವನ್ನಲ್ಲ, ಒಂದನ್ನೊಂದು ಕತ್ತರಿಸುವ ಬೀದಿಗಳನ್ನು. ಆಗಿನ ದೊಡ್ಡಪೇಟೆಯೇ ಈಗಿನ ಅವೆನ್ಯೂ ರಸ್ತೆ. ಪಾಳೆಯಗಾರರು ಹೋದರು, ಹೈದರ್ ಮತ್ತು ಟಿಪ್ಪು ಬಂದುಹೋದರು, ಬ್ರಿಟಿಷರೂ ಹೋದರು. ಮಣ್ಣಿನ ಕೋಟೆಯೇ ಇಲ್ಲವಾಯಿತು. ಬೀದಿ ಮಾತ್ರ ಇದ್ದಲ್ಲಿಯೇ ಇದೆ.

ಇದು ಬೆಂಗಳೂರಿಗೆ ಮಾತ್ರ ಸೀಮಿತವಲ್ಲ. 1666ರಲ್ಲಿ ಲಂಡನ್ ನಗರದ ಬಹುಭಾಗ ಬೆಂಕಿಗೆ ಆಹುತಿಯಾದಾಗ ಕ್ರಿಸ್ಟೋಫರ್ ರೆನ್ ಎಂಬ ಪ್ರಸಿದ್ಧ ವಾಸ್ತುಶಿಲ್ಪಿ ವಿಶಾಲವಾದ ನೇರ ರಸ್ತೆಗಳ ಹೊಸ ನಕ್ಷೆ ಬರೆದುಕೊಟ್ಟ. ಊರು ಸುಟ್ಟು ಬೂದಿಯಾಗಿದ್ದರೂ ನಿವೇಶನಗಳ ಒಡೆಯರು ತಮ್ಮ ತಮ್ಮ ಗಡಿ ಬಿಟ್ಟುಕೊಡಲಿಲ್ಲ. ಲಂಡನ್ ಬಹುಮಟ್ಟಿಗೆ ಹಳೆಯ ಬೀದಿಗಳ ಮೇಲೆಯೇ ಮತ್ತೆ ಎದ್ದಿತು. ಕಟ್ಟಡಕ್ಕೆ ನೂರು ವರ್ಷ ಆಯುಸ್ಸಾದರೆ ಬೀದಿಗೆ ಅದರ ಎಷ್ಟೋ ಪಟ್ಟು. ಇವತ್ತು ಎಳೆದ ತಪ್ಪು ಗೆರೆಯನ್ನು ನಮ್ಮ ಮೊಮ್ಮಕ್ಕಳೂ ಸುತ್ತಿ ಬಳಸಬೇಕಾಗುತ್ತದೆ.

ಪೇಟೆಯ ಬೀದಿಗಳು ಕಿರಿದು. ಬಳೇಪೇಟೆ, ಅಕ್ಕಿಪೇಟೆ, ಅರಳೇಪೇಟೆಗಳ ಸಂದುಗೊಂದಿಗಳಲ್ಲಿ ಕೈಗಾಡಿ ಬಂದರೆ ಸ್ಕೂಟರ್ ನಿಲ್ಲಬೇಕು. ಆದರೂ ಒಂದು ಸಂದು ಇನ್ನೊಂದಕ್ಕೆ ಕೂಡುತ್ತದೆ. ಅಡ್ಡಾಡಿ ಗೊತ್ತಿದ್ದವರು ಸಾಮಾನು ಕೊಂಡು, ಬಂದ ದಾರಿಯನ್ನು ಬಿಟ್ಟು ಬೇರೆ ದಾರಿಯಲ್ಲೇ ಹೊರಬರಬಲ್ಲರು. 1890ರ ದಶಕದಲ್ಲಿ ಯೋಜಿಸಿದ ಬಸವನಗುಡಿ ಮತ್ತು ಮಲ್ಲೇಶ್ವರ, 1898ರ ಪ್ಲೇಗ್ ಹಾವಳಿಯ ತರುವಾಯ ಜನ ಪೇಟೆ ಬಿಟ್ಟು ಹೋಗಿ ನೆಲೆಸಿದ ಬಡಾವಣೆಗಳು. ಗಾಳಿ ಬೆಳಕಿಗೆಂದು ಅಗಲವಾಗಿ, ಅಡ್ಡರಸ್ತೆ ಮುಖ್ಯರಸ್ತೆಗಳ ಜಾಲವಾಗಿ ಅವನ್ನು ಹಾಕಿದರು. ಮನೆಗಳ ಹಿಂಬದಿಯಲ್ಲಿ ಮಲ ಸಾಗಿಸುವವರ ಓಡಾಟಕ್ಕೆಂದು ಓಣಿಗಳನ್ನು ಬಿಟ್ಟಿದ್ದರು. ಆ ಕಾಲದ ಜಾತಿಪದ್ಧತಿಯ ಒಂದು ಕಹಿ ಗುರುತು ಅದು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲೂ ಬ್ಲಾಕು, ಮೈನು, ಕ್ರಾಸುಗಳ ಕ್ರಮವೇ ಮುಂದುವರಿಯಿತು. ಆಗಿನ್ನೂ ಕಾರು ಇದ್ದವರು ವಿರಳ. ನಡೆಯುವವನ ಕಾಲೇ ಬೀದಿಗೆ ಅಳತೆಗೋಲಾಗಿತ್ತು.

ಎಣಿಸಿ ನೋಡುವ ಲೆಕ್ಕ

ಬೀದಿಗಳು ಚೆನ್ನಾಗಿ ಕೂಡಿವೆ, ಕೂಡಿಲ್ಲ ಎನ್ನುವುದನ್ನು ಬಾಯಿಮಾತಿನಲ್ಲಿ ಹೇಳಿದರೆ ಜಗಳಕ್ಕೆ ದಾರಿ. ಅದನ್ನು ಲೆಕ್ಕದಲ್ಲಿ ಹೇಳಬಹುದು, ಅದೂ ಪ್ರೌಢಶಾಲೆಯ ಗಣಿತದಲ್ಲೇ. ಇದರ ಮೂಲಪುರುಷ ಲಿಯೊನಾರ್ಡ್ ಆಯ್ಲರ್. ಕೊನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಇಡೀ ಊರು ಸುತ್ತಬಹುದೇ ಎಂಬ ಒಗಟಿಗೆ 1736ರಲ್ಲಿ ಆತ ‘ಆಗದು’ ಎಂದು ಸಾಧಿಸಿ ತೋರಿಸಿದ. ಊರಿನ ನೆಲ, ನೀರು, ಮನೆಗಳನ್ನೆಲ್ಲ ಬದಿಗಿಟ್ಟು ಬರೀ ಬಿಂದು ಮತ್ತು ಗೆರೆಗಳನ್ನು ಉಳಿಸಿಕೊಂಡದ್ದು ಅವನ ಜಾಣ್ಮೆ. ರಸ್ತೆ ಕೂಡುವ ಜಾಗ ಬಿಂದು, ರಸ್ತೆ ಗೆರೆ.

ಈಗ ಒಂದೊಂದು ಬಿಂದುವಿನಿಂದ ಎಷ್ಟು ಗೆರೆ ಹೊರಟಿದೆ ಎಣಿಸಿ. ನಾಲ್ಕು ರಸ್ತೆ ಕೂಡುವ ಸರ್ಕಲ್ಲಿಗೆ 4 ಅಂಕ, ಮೂರು ದಾರಿ ಸೇರುವಲ್ಲಿಗೆ 3, ‘ಡೆಡ್ ಎಂಡ್’ಗೆ 1. ಎಲ್ಲವನ್ನೂ ಕೂಡಿ ಬಿಂದುಗಳ ಸಂಖ್ಯೆಯಿಂದ ಭಾಗಿಸಿದರೆ ಆ ಬಡಾವಣೆಯ ಸರಾಸರಿ ಅಂಕ ಸಿಗುತ್ತದೆ. ಚೌಕಳಿ ಬೀದಿಗಳ ದೊಡ್ಡ ಊರಿನಲ್ಲಿ ಅದು 4ರ ಹತ್ತಿರ ಬರುತ್ತದೆ. ಮರದಂತೆ ಒಂದೇ ಕಾಂಡದಿಂದ ಕವಲೊಡೆದು ಎಲ್ಲ ಕವಲುಗಳೂ ಮುಚ್ಚಿಕೊಂಡ ಬಡಾವಣೆಯಲ್ಲಿ 2ನ್ನು ಎಂದಿಗೂ ಮುಟ್ಟುವುದಿಲ್ಲ. ಏಕೆಂದರೆ ಅಂಥ ಜಾಲದಲ್ಲಿ ಗೆರೆಗಳ ಸಂಖ್ಯೆ ಬಿಂದುಗಳಿಗಿಂತ ಯಾವಾಗಲೂ ಒಂದು ಕಡಿಮೆ. ಪ್ರತಿ ಗೆರೆಗೆ ಎರಡು ತುದಿ ಎಂದು ಗುಣಿಸಿ ಭಾಗಿಸಿ ನೋಡಿದರೆ ವಿದ್ಯಾರ್ಥಿಗಳಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನೊಂದು ಲೆಕ್ಕ ಸುತ್ತುಬಳಸಿನದು. ಚೌಕಳಿ ಊರಿನಲ್ಲಿ ಪೂರ್ವಕ್ಕೆ 1 ಕಿಲೋಮೀಟರ್, ಉತ್ತರಕ್ಕೆ 1 ಕಿಲೋಮೀಟರ್ ಆಚೆಗಿರುವ ಮನೆಗೆ ಹೋಗಬೇಕು. ಕಾಗೆ ಹಾರುವ ದೂರ, ಪೈಥಾಗೊರಸನ ಪ್ರಮೇಯದ ಪ್ರಕಾರ, ಸುಮಾರು 1.41 ಕಿಲೋಮೀಟರ್. ನಡೆಯುವ ದೂರ 2 ಕಿಲೋಮೀಟರ್. ಅಂದರೆ ಸುತ್ತು 1.41 ಪಟ್ಟು. ಗೆರೆಗಳು ತಪ್ಪದೆ ಕೂಡಿರುವ ಊರಿನಲ್ಲಿ ಒಂದು ಕೂಡುರಸ್ತೆಯಿಂದ ಇನ್ನೊಂದಕ್ಕೆ ಇದಕ್ಕಿಂತ ಹೆಚ್ಚಿನ ಸುತ್ತು ಇರುವುದೇ ಇಲ್ಲ. ಮೊದಲು ಹೇಳಿದ ಶಾಲೆಯ ದಾರಿಗೆ ಈ ಲೆಕ್ಕ ಹಾಕಿ: 3,000ವನ್ನು 400ರಿಂದ ಭಾಗಿಸಿದರೆ 7.5 ಪಟ್ಟು.

ದಾರಿಗಳ ಸಂಖ್ಯೆಯಂತೂ ಬೆರಗು ಹುಟ್ಟಿಸುತ್ತದೆ. ಎರಡು ಬೀದಿ ಪೂರ್ವಕ್ಕೆ, ಎರಡು ಉತ್ತರಕ್ಕೆ ಹೋಗಬೇಕಾದರೆ ಅಷ್ಟೇ ದೂರದ 6 ಬೇರೆ ಬೇರೆ ದಾರಿಗಳಿವೆ. ಮೂರು ಮೂರಾದರೆ 20, ನಾಲ್ಕು ನಾಲ್ಕಾದರೆ 70! ಒಂದು ಕಡೆ ಚರಂಡಿ ಅಗೆದಿದ್ದರೆ, ಇನ್ನೊಂದು ಕಡೆ ಮದುವೆ ಶಾಮಿಯಾನ ಹಾಕಿದ್ದರೆ ಚಿಂತೆಯಿಲ್ಲ. ಮರದಂಥ ಬಡಾವಣೆಯಲ್ಲಿ ಮಾತ್ರ ದಾರಿ ಒಂದೇ. ಅಲ್ಲೊಂದು ನೀರಿನ ಟ್ಯಾಂಕರ್ ಕೆಟ್ಟು ನಿಂತರೆ ಆಂಬುಲೆನ್ಸೂ ನಿಲ್ಲಬೇಕು, ಅಗ್ನಿಶಾಮಕ ವಾಹನವೂ ನಿಲ್ಲಬೇಕು.

ಹಾಗಾದರೆ ಎಷ್ಟು ರಸ್ತೆ ಬೇಕು? ವಿಶ್ವಸಂಸ್ಥೆಯ ವಸತಿ ವಿಭಾಗವು ಒಂದು ಚದರ ಕಿಲೋಮೀಟರಿಗೆ ಕನಿಷ್ಠ 18 ಕಿಲೋಮೀಟರ್ ಬೀದಿ, ಒಟ್ಟು ನೆಲದಲ್ಲಿ ಶೇಕಡ 30 ಭಾಗ ಬೀದಿಗೆ ಎಂದು ಸೂಚಿಸಿದೆ. ಒಂದು ಕಿಲೋಮೀಟರ್ ಉದ್ದಗಲದ ಚೌಕದಲ್ಲಿ ಆ ಕಡೆಗೆ 9, ಈ ಕಡೆಗೆ 9 ಬೀದಿ ಎಳೆದರೆ ಸರಿಯಾಗಿ 18 ಕಿಲೋಮೀಟರ್ ಆಗುತ್ತದೆ, ಅವು 81 ಕಡೆ ಕೂಡುತ್ತವೆ. ಸುಮಾರು 110 ಮೀಟರಿಗೊಂದು ತಿರುವು ಎಂದಾಯಿತು. ಸ್ಪೇನಿನ ಬಾರ್ಸಿಲೋನಾ ನಗರದ ವಿಸ್ತರಣೆಗೆ 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರ್ ನಕ್ಷೆ ಬರೆದಾಗ ಒಂದೊಂದು ಬ್ಲಾಕಿಗೂ ಇಟ್ಟ ಅಳತೆ 113 ಮೀಟರ್. ಕಾರಿಲ್ಲದ ಕಾಲದ ಆತನ ಅಂದಾಜಿಗೂ ನಮ್ಮ ಕಾಲದ ಸಲಹೆಗೂ ಇಷ್ಟು ಹತ್ತಿರದ ಹೊಂದಿಕೆ.

ನಕಲಿನಲ್ಲಿ ಬಿಟ್ಟುಹೋದದ್ದು

ಮುಚ್ಚಿದ ಬೀದಿಗಳನ್ನು ಯಾರೋ ಕೆಟ್ಟ ಬುದ್ಧಿಯಿಂದ ಕಂಡುಹಿಡಿದರು ಎಂದುಕೊಳ್ಳಬೇಡಿ. ಮಕ್ಕಳ ಮೇಲಿನ ಕಾಳಜಿಯಿಂದಲೇ ಅವು ಜನಪ್ರಿಯವಾದದ್ದು. 1920ರ ದಶಕದಲ್ಲಿ ಅಮೆರಿಕದ ಬೀದಿಗಳಿಗೆ ಕಾರುಗಳು ನುಗ್ಗಿ, ಅಪಘಾತದಲ್ಲಿ ಸಾಯುವವರಲ್ಲಿ ಮಕ್ಕಳೇ ಬಹಳವಾಗಿದ್ದರು. ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಎಂಬಿಬ್ಬರು ನ್ಯೂಜೆರ್ಸಿಯಲ್ಲಿ 1929ರಲ್ಲಿ ರಾಡ್‌ಬರ್ನ್ ಎಂಬ ಊರನ್ನು ಕಟ್ಟಿಸಿದರು. ಕಾರು ಬರುವ ಬೀದಿಗಳೆಲ್ಲ ಮನೆಗಳ ಬಳಿ ಬಂದು ಮುಗಿಯುತ್ತಿದ್ದವು. ಫ್ರೆಂಚ್ ಭಾಷೆಯಲ್ಲಿ ಇಂಥ ಬೀದಿಗೆ ‘ಕಲ್-ದ-ಸ್ಯಾಕ್’, ಚೀಲದ ತಳ, ಎಂಬ ಸೊಗಸಾದ ಹೆಸರಿದೆ. ಆದರೆ ರಾಡ್‌ಬರ್ನಿನ ಚೀಲಕ್ಕೆ ಹಿಂದಿನಿಂದ ತೂತುಗಳಿದ್ದವು. ಮನೆಯ ಇನ್ನೊಂದು ಬದಿಗೆ ಕಾಲುದಾರಿ, ಅದು ಉದ್ಯಾನಕ್ಕೆ, ಉದ್ಯಾನದಿಂದ ಶಾಲೆಗೆ. ಕಾರುಗಳ ರಸ್ತೆ ಅಡ್ಡ ಬಂದಲ್ಲಿ ಅದರ ಕೆಳಗೆ ನಡೆಯುವವರ ಹಾದಿ. ಮಗು ಒಂದು ಕಾರನ್ನೂ ಎದುರಿಸದೆ ಶಾಲೆ ಮುಟ್ಟಬಹುದಿತ್ತು.

ಆರ್ಥಿಕ ಕುಸಿತ ಬಂದು ರಾಡ್‌ಬರ್ನ್ ಅರ್ಧಕ್ಕೇ ನಿಂತಿತು. ಅದರ ನಕಲು ಮಾತ್ರ ನಿಲ್ಲಲಿಲ್ಲ. ಗೃಹಸಾಲಕ್ಕೆ ಖಾತರಿ ನೀಡುತ್ತಿದ್ದ ಅಮೆರಿಕ ಸರ್ಕಾರದ ಸಂಸ್ಥೆ 1930ರ ದಶಕದಲ್ಲಿ ಚೌಕಳಿ ಬೀದಿ ಬೇಡ, ಮುಚ್ಚಿದ ಬೀದಿ ಒಳ್ಳೆಯದು ಎಂದು ಮಾರ್ಗದರ್ಶಿ ಪುಸ್ತಿಕೆಗಳನ್ನು ಹೊರಡಿಸಿತು. ಸಾಲ ಬೇಕಾದ ಬಿಲ್ಡರುಗಳು ಹಾಗೇ ಕಟ್ಟಿದರು. ಕಾಲುದಾರಿಗೆ ಜಾಗ ಬಿಟ್ಟರೆ ನಿವೇಶನ ಕಡಿಮೆಯಾಗುತ್ತದಲ್ಲ! ಚೀಲ ಉಳಿಯಿತು, ತೂತು ಮುಚ್ಚಿತು. 1961ರಲ್ಲಿ ಜೇನ್ ಜೇಕಬ್ಸ್ ಎಂಬ ಲೇಖಕಿ, ಬ್ಲಾಕುಗಳು ಚಿಕ್ಕದಾಗಿರಬೇಕು, ತಿರುವುಗಳು ಹೆಚ್ಚಿರಬೇಕು ಎಂದು ವಾದಿಸಿ ಒಂದು ಪುಸ್ತಕವನ್ನೇ ಬರೆದರೂ ಬಿಲ್ಡರುಗಳ ಕಿವಿಗೆ ಅದು ಬೀಳಲು ಬಹಳ ಕಾಲ ಬೇಕಾಯಿತು.

ಎಷ್ಟು ಕಾಲ ಎಂಬುದಕ್ಕೂ ಈಗ ಲೆಕ್ಕವಿದೆ. ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಕ್ಯಾಲಿಫೋರ್ನಿಯಾದ ಆ್ಯಡಂ ಮಿಲ್ಲರ್ಡ್-ಬಾಲ್ ಅಮೆರಿಕದ ಒಂದು ಶತಮಾನದ ಬೀದಿಗಳನ್ನು ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ಹೊಸ ಬಡಾವಣೆಗಳ ಬೀದಿಗಳು ಅತ್ಯಂತ ಕಡಿದುಹೋಗಿದ್ದದ್ದು 1994ರ ಸುಮಾರಿಗೆ. ಆಮೇಲೆ ನಿಧಾನವಾಗಿ ಸುಧಾರಿಸಿದೆ. ವರ್ಜೀನಿಯಾ ರಾಜ್ಯ 2009ರಲ್ಲಿ, ಹೊಸ ಬಡಾವಣೆಯ ಬೀದಿಗಳು ನೆರೆಯ ಬೀದಿಗಳಿಗೆ ಕೂಡದಿದ್ದರೆ ಅವುಗಳ ನಿರ್ವಹಣೆಯನ್ನು ಸರ್ಕಾರ ವಹಿಸಿಕೊಳ್ಳುವುದಿಲ್ಲ ಎಂಬ ಅರ್ಥದ ನಿಯಮ ತಂದಿತು. ಡಾಂಬರಿನ ಖರ್ಚು ಕಣ್ಣೆದುರು ಬಂದಾಗ ಯಾರಿಗಾದರೂ ಬುದ್ಧಿ ಬರುತ್ತದೆ.

ಅದೇ ಇಬ್ಬರು 2020ರಲ್ಲಿ ಜಗತ್ತಿನ ಬೀದಿಗಳನ್ನೆಲ್ಲ ಗಣಕಯಂತ್ರದಲ್ಲಿ ಅಳೆದು ನೋಡಿದರು. 1975ರಿಂದೀಚೆಗೆ ಬಹುಪಾಲು ದೇಶಗಳಲ್ಲಿ ಹೊಸ ಬೀದಿಗಳು ಹಳೆಯವಕ್ಕಿಂತ ಕಡಿಮೆ ಕೂಡಿಕೊಂಡಿವೆ ಎಂದು ಕಂಡಿತು. ಅಮೆರಿಕ ಬಿಡಲು ತೊಡಗಿದ ಚಾಳಿಯನ್ನು ಆಗ್ನೇಯ ಏಷ್ಯದ ಊರುಗಳು ಗೇಟು ಹಾಕಿದ ಬಡಾವಣೆಗಳ ರೂಪದಲ್ಲಿ ಕಲಿತವು. ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಅಮೆರಿಕದ ಹಲವು ದೇಶಗಳು ಮಾತ್ರ ಕೂಡುಬೀದಿಗಳನ್ನು ಉಳಿಸಿಕೊಂಡಿವೆ. ಜರ್ಮನಿ, ಡೆನ್ಮಾರ್ಕ್‌ಗಳದ್ದು ಮತ್ತೊಂದು ಜಾಣತನ. ಕಾರಿಗೆ ಮುಚ್ಚಿದ ಬೀದಿಯ ತುದಿಯಲ್ಲೂ ನಡೆಯುವವರಿಗೆ, ಸೈಕಲ್ಲಿನವರಿಗೆ ದಾರಿ ಬಿಟ್ಟಿದ್ದಾರೆ.

ಸರ್ವೆ ನಂಬರಿನೊಳಗೊಂದು ಊರು

ಮತ್ತೆ ನಮ್ಮೂರಿಗೆ ಬರೋಣ. 1941ರಲ್ಲಿ ಸುಮಾರು 4 ಲಕ್ಷ ಜನರಿದ್ದ ಬೆಂಗಳೂರು ನಗರ, 2011ರ ಜನಗಣತಿಯ ಹೊತ್ತಿಗೆ 84 ಲಕ್ಷ ದಾಟಿತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಒಟ್ಟುಗೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. 2025ರಲ್ಲಿ ಅದನ್ನೂ ಒಡೆದು ಐದು ಪಾಲಿಕೆ ಮಾಡಿದರು. ಬೋರ್ಡು ಬದಲಾದಷ್ಟು ಬೇಗ ಬೀದಿ ಬದಲಾಗುವುದಿಲ್ಲ.

ಜಯನಗರದಂಥ ಬಡಾವಣೆಯಲ್ಲಿ ಇಡೀ ಪ್ರದೇಶದ ಜಮೀನನ್ನು ಒಟ್ಟಿಗೆ ತೆಗೆದುಕೊಂಡು ಮೊದಲು ರಸ್ತೆ ಎಳೆದು ಆಮೇಲೆ ನಿವೇಶನ ಹಂಚಿದ್ದರು. ಹೊರವಲಯದಲ್ಲಿ ನಡೆದದ್ದು ತಿರುವುಮುರುವು. ಒಬ್ಬ ರೈತ ತನ್ನ ಎರಡು ಎಕರೆ ಮಾರಿದ. ಕೊಂಡವರು ಆ ಸರ್ವೆ ನಂಬರಿನ ಗಡಿಯೊಳಗೆ ಒಂದು ರಸ್ತೆ, ಇಕ್ಕೆಲದಲ್ಲಿ ನಿವೇಶನ, ಕೊನೆಯಲ್ಲೊಂದು ಗೋಡೆ ಮಾಡಿದರು. ಪಕ್ಕದ ಹೊಲ ಐದು ವರ್ಷದ ಮೇಲೆ ಇನ್ನೊಬ್ಬರಿಗೆ ಮಾರಾಟವಾಯಿತು. ಅಲ್ಲೂ ಒಂದು ರಸ್ತೆ, ಒಂದು ಗೋಡೆ. ಎರಡು ಗೋಡೆಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತವು. ಒಂದರ ರಸ್ತೆ 30 ಅಡಿ, ಇನ್ನೊಂದರದು 20. ಒಂದು ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ. ಕೂಡಿಸಬೇಕೆಂದು ಮನಸ್ಸು ಮಾಡಿದರೂ ಕೂಡದಂತೆ. ನಡುನಡುವೆ ಕೆರೆ, ರಾಜಕಾಲುವೆ, ರೈಲು ಹಳಿ, ರಕ್ಷಣಾ ಇಲಾಖೆಯ ಜಮೀನು ಇದ್ದಲ್ಲಿ ಕೇಳುವುದೇ ಬೇಡ.

ಇಷ್ಟೂ ಬಡಾವಣೆಗಳ ವಾಹನಗಳು ಕೊನೆಗೆ ಬಂದು ಬೀಳುವುದು ಹಿಂದೆ ಎತ್ತಿನಗಾಡಿ ಓಡಾಡುತ್ತಿದ್ದ ಹಳ್ಳಿಯ ರಸ್ತೆಗೆ. 2019ರ ಸಾಲಿಗೆ ಟಾಮ್‌ಟಾಮ್ ಎಂಬ ಸಂಸ್ಥೆ ಹಾಕಿದ ಪಟ್ಟಿಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ವಾಹನದಟ್ಟಣೆಯ ನಗರ ಬೆಂಗಳೂರು ಎಂದಾಗ ಎಲ್ಲರೂ ವಾಹನಗಳ ಸಂಖ್ಯೆಯನ್ನು ದೂರಿದರು. ದೂರಬೇಕಾದದ್ದೇ. ಆದರೆ ಅಕ್ಕಪಕ್ಕದ ಬಡಾವಣೆಯ ಅಂಗಡಿಗೆ ಹೋಗಿ ಹಾಲು ತರುವವನೂ ಮುಖ್ಯರಸ್ತೆಗೆ ಇಳಿಯಲೇಬೇಕಾದ ಊರಿನಲ್ಲಿ ದಟ್ಟಣೆಯಾಗದೆ ಇನ್ನೇನಾದೀತು? ಬಸ್ಸಿಗೂ ಇದೇ ಕಷ್ಟ. ಒಳಹೊಕ್ಕು ಆ ಕಡೆಯಿಂದ ಹೊರಬರುವ ದಾರಿಯಿಲ್ಲದ ಬಡಾವಣೆಗೆ ಬಸ್ಸು ಬಾರದು, ಬಸ್ಸು ಬಾರದ ಮನೆಯವರು ಸ್ಕೂಟರ್ ಕೊಳ್ಳುತ್ತಾರೆ.

ಗೇಟು ಬೇಕೆನ್ನುವವರ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ‘ರಸ್ತೆ ತೆರೆದರೆ ನೀರಿನ ಟ್ಯಾಂಕರುಗಳು, ಬೈಕುಗಳು ಒಳದಾರಿ ಹಿಡಿದು ನುಗ್ಗುತ್ತವೆ, ಮಕ್ಕಳು ಎಲ್ಲಿ ಆಡಬೇಕು?’ ಎನ್ನುವ ತಾಯಿಗೆ ಗ್ರಾಫಿನ ಲೆಕ್ಕ ತೋರಿಸಿ ಬಾಯಿ ಮುಚ್ಚಿಸಲಾಗದು. ಕಳ್ಳರ ಭಯವೂ ಸುಳ್ಳಲ್ಲ. ಆದರೆ ಮನೆಯ ಮುಂದಿನ ಬೀದಿಯಲ್ಲಿ ಸುರಕ್ಷಿತವಾಗಿ ಆಡುವ ಅದೇ ಮಗುವನ್ನು ಮರುದಿನ ಬೆಳಗ್ಗೆ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಲಾರಿಗಳ ನಡುವೆ ಶಾಲೆಗೆ ಒಯ್ಯುತ್ತೇವೆ. ಅಪಾಯವನ್ನು ಬೀದಿಯಿಂದ ತೆಗೆದು ಮುಖ್ಯರಸ್ತೆಗೆ ಸಾಗಿಸಿದ್ದಷ್ಟೇ ನಾವು ಮಾಡಿದ್ದು. ಕಾರಿರುವವನಿಗೆ ಈ ಸುತ್ತು ಹತ್ತು ನಿಮಿಷದ ಕಿರಿಕಿರಿ. ಮನೆಗೆಲಸಕ್ಕೆ ಬರುವ ಹೆಂಗಸಿಗೆ, ಸೊಪ್ಪಿನ ಬುಟ್ಟಿ ಹೊತ್ತವಳಿಗೆ, ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗಬೇಕೆನ್ನುವ ಹುಡುಗನಿಗೆ ಅದು ದಿನದಿನದ ದಂಡ.

ಎಲ್ಲ ಗೋಡೆ ಒಡೆದು ಎಲ್ಲ ಬೀದಿಗೂ ಕಾರು ಬಿಡಬೇಕೆಂದು ನಾನೇನೂ ಹೇಳುತ್ತಿಲ್ಲ. ಗೋಡೆಯಲ್ಲಿ ಒಂದು ಆಳು ನುಗ್ಗುವಷ್ಟು ಕಿರುಬಾಗಿಲು ಸಾಕು, ಅಲ್ಲೊಂದು ದೀಪ ಬೇಕು. ಬಾರ್ಸಿಲೋನಾದಲ್ಲಿ 2016ರಲ್ಲಿ ಪೊಬ್ಲೆನೌ ಎಂಬ ಕಡೆ ಒಂಬತ್ತು ಬ್ಲಾಕುಗಳನ್ನು ಸೇರಿಸಿ, ಹಾದುಹೋಗುವ ಕಾರುಗಳನ್ನು ಹೊರಗಿಟ್ಟು, ನಡೆಯುವವರಿಗೆ ಎಲ್ಲ ಬೀದಿಗಳನ್ನೂ ತೆರೆದಿಟ್ಟರು. ರಾಡ್‌ಬರ್ನ್ ಹೇಳಿದ್ದೂ ಇದನ್ನೇ. ನಮ್ಮಲ್ಲಿ ಅನುಮೋದನೆ ಪಡೆದ ಬಡಾವಣೆಯ ರಸ್ತೆ ಮತ್ತು ಉದ್ಯಾನದ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕೆಂಬ ನಿಯಮವಿದೆ. ಹಾಗೆ ಬಿಟ್ಟುಕೊಟ್ಟ ರಸ್ತೆಗೆ ಗೇಟು ಹಾಕಿ ಕಾವಲು ನಿಲ್ಲಿಸುವ ರೂಢಿಯೂ ಇದೆ.

ರಜೆಯಲ್ಲಿ ಮಕ್ಕಳು ಒಂದು ಕೆಲಸ ಮಾಡಬಹುದು. ಮನೆಯನ್ನು ನಡುವೆ ಇಟ್ಟು ಒಂದು ಕಿಲೋಮೀಟರ್ ಉದ್ದಗಲದ ಚೌಕವನ್ನು ಗ್ರಾಫ್ ಹಾಳೆಯಲ್ಲಿ ಬರೆದುಕೊಂಡು, ನಡೆದಾಡಿ ಬೀದಿಗಳನ್ನು ಗುರುತು ಮಾಡಿ. ಕೂಡುವ ಜಾಗಕ್ಕೆ ಒಂದು ಬಣ್ಣ, ಮುಚ್ಚಿದ ತುದಿಗೆ ಇನ್ನೊಂದು. ಆಮೇಲೆ ಅದೇ ಜಾಗದ ಹಳೆಯ ಗ್ರಾಮ ನಕಾಶೆಯನ್ನು ಪಕ್ಕದಲ್ಲಿಟ್ಟು ನೋಡಿ. ಕಂದಾಯ ದಾಖಲೆಯ ಈ ನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗುರುತೂ ಇರುತ್ತದೆ. ಹಳ್ಳಿಯವರು ‘ನಕಾಶೆ ಕಂಡ ದಾರಿ’ ಎಂದು ಅಧಿಕಾರದಿಂದ ಹೇಳುವುದು ಇದನ್ನೇ. ಅಪ್ಪ ಅಮ್ಮ ನಿವೇಶನ ಕೊಳ್ಳುವ ಯೋಚನೆಯಲ್ಲಿದ್ದರೆ ಈ ಹಾಳೆ ಅವರಿಗೂ ಉಪಯೋಗಕ್ಕೆ ಬರುತ್ತದೆ. ಬಿಲ್ಡರು ಕೊಡುವ ಬಣ್ಣದ ಬ್ರೋಷರಿನಲ್ಲಿ ರಸ್ತೆಯ ತುದಿಗೆ ಬಾಣದ ಗುರುತು ಹಾಕಿ ‘ಮುಂದೆ ರಸ್ತೆ’ ಎಂದು ಬರೆದಿರುತ್ತಾರೆ. ಬಾಣದ ಆಚೆಗಿರುವುದು ಹೊಲವೋ, ರಾಜಕಾಲುವೆಯೋ, ಮತ್ತೊಬ್ಬರ ಗೋಡೆಯೋ ಎಂದು ಸುತ್ತು ಹಾಕಿ ನೋಡಿಬರಲು ಭಾನುವಾರದ ಒಂದು ಬೆಳಗು ಸಾಕು.